ಹನ್ನೊಂದನೇ ತರಗತಿಯಲ್ಲಿ ನೋಡಬೇಕಾದ ಲೆಕ್ಕ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಮಕ್ಕಳು ಈಗಷ್ಟೇ ಹನ್ನೊಂದನೇ ತರಗತಿಗೆ ಕಾಲಿಟ್ಟಿರುವ ಕನ್ನಡ ಪೋಷಕರ ಮುಂದೆ ಸೆಪ್ಟೆಂಬರ್‌ನಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸಿಇಟಿ ಬರೆದು ಬಂದವರು. ಪಿಯುಸಿ ಮುಗಿಯಿತು, ಪರೀಕ್ಷೆ ಬರೆದೆವು, ಒಂದು ರ‍್ಯಾಂಕ್ ಬಂತು. ಕೌನ್ಸೆಲಿಂಗ್ ದಿನ ಡಿಡಿ ಹಿಡಿದು ಅಪ್ಪನ ಜೊತೆ ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂದಾಗ ಪರದೆ ಮೇಲೆ ಯಾವ ಸೀಟು ಉಳಿದಿತ್ತೋ ಅದರಲ್ಲಿ ಒಂದನ್ನು ಆರಿಸಿಕೊಂಡೆವು. ಫೀಸು ಎಷ್ಟು ಅಂತ ಸರ್ಕಾರವೇ ಹೇಳಿತ್ತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಆ ಪದ್ಧತಿಯಲ್ಲಿ ಸಂಕಟ ಇತ್ತು, ಆದರೆ ನಾವು ಯೋಚನೆ ಮಾಡಬೇಕಾದ್ದು ಬಹಳ ಕಡಿಮೆ ಇತ್ತು.

ಇಲ್ಲಿ ನಿಮ್ಮ ಮಗುವಿಗೆ ಯಾರೂ ರ‍್ಯಾಂಕ್ ಕೊಡುವುದಿಲ್ಲ. ಯಾವ ಕಾಲೇಜಿಗೆ ಹಾಕಬೇಕು, ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ), ಎಷ್ಟು ದುಡ್ಡು, ಎಷ್ಟು ದೂರ, ಎಲ್ಲವನ್ನೂ ಮನೆಯವರೇ ಕೂತು ತೀರ್ಮಾನಿಸಬೇಕು. ಅರ್ಜಿ ಹಾಕುವುದು ಹನ್ನೆರಡನೇ ತರಗತಿಯ ಅಕ್ಟೋಬರ್, ನವೆಂಬರ್‌ನಲ್ಲಿ. ಆದರೆ ಆ ಅರ್ಜಿಯಲ್ಲಿ ಏನಿರುತ್ತದೆ ಅನ್ನುವುದು ಮುಕ್ಕಾಲು ಪಾಲು ಈ ವರ್ಷ, ಅಂದರೆ ಜೂನಿಯರ್ ವರ್ಷ ಮುಗಿಯುವ ಹೊತ್ತಿಗೆ ನಿರ್ಧಾರವಾಗಿರುತ್ತದೆ. ಅದಕ್ಕೇ ನಮ್ಮ ಅನೇಕ ಮನೆಗಳಲ್ಲಿ ಈ ವರ್ಷ ಒಂದು ಗಾಬರಿ ಶುರುವಾಗುತ್ತದೆ. ಇನ್ನೊಂದು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಸೇರಿಸು, ಇನ್ನೊಂದು ಕ್ಲಬ್ ಸೇರು, ರಿಸರ್ಚ್ ಪೇಪರ್ ಬರಿ, ಒಂದು ನಾನ್-ಪ್ರಾಫಿಟ್ ಶುರು ಮಾಡು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇದಕ್ಕೆ ಉಲ್ಟಾ. ಈ ವರ್ಷ ಮಗುವಿಗೆ ಹೊಸದಾಗಿ ಏನೂ ಅಂಟಿಸಬೇಡಿ. ಇರುವುದನ್ನು ಎಣಿಸಿ ನೋಡಿ. ಈ ಲೆಕ್ಕ ನೋಡುವ ಕೆಲಸದಲ್ಲಿ ಅಪ್ಪ-ಅಮ್ಮನ ಪಾಲು ಜಾಸ್ತಿ, ಅದನ್ನು ನಾವು ಮಾಡುತ್ತಿಲ್ಲ.

ಮೊದಲು ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷಗಳ ಕೋರ್ಸು, ಗ್ರೇಡುಗಳ ಪಟ್ಟಿ. ನಿಮ್ಮಲ್ಲಿ ಎಷ್ಟು ಜನ ಮಗುವಿನ ಟ್ರಾನ್ಸ್‌ಕ್ರಿಪ್ಟನ್ನು ನೋಡಿದ್ದೀರಿ? ಪೋರ್ಟಲ್‌ನಲ್ಲಿ ಕಾಣುವ ಈ ವಾರದ ಕ್ವಿಜ್ ಮಾರ್ಕ್ಸ್ ಅಲ್ಲ, ಒಂಬತ್ತನೇ ತರಗತಿಯಿಂದ ಇವತ್ತಿನವರೆಗಿನ ಪೂರ್ತಿ ಟ್ರಾನ್ಸ್‌ಕ್ರಿಪ್ಟ್. ಕೈ ಎತ್ತಿದವರು ನಾಲ್ಕೈದು ಜನ. ಪರವಾಗಿಲ್ಲ, ಎಲ್ಲ ಕಡೆಯೂ ಹೀಗೇ.

ಇಲ್ಲಿ ಎರಡು ಬೇರೆ ಬೇರೆ ಗೆರೆಗಳಿವೆ. ಹೈಸ್ಕೂಲ್ ಪಾಸಾಗಲು ಒಂದು ಗೆರೆ, ಕಾಲೇಜಿಗೆ ಅರ್ಹರಾಗಲು ಇನ್ನೊಂದು. ಡಿಪ್ಲೊಮಾ ಕೊಡಲು ಕ್ಯಾಲಿಫೋರ್ನಿಯಾ ರಾಜ್ಯ ಕನಿಷ್ಠವಾಗಿ ಕೇಳುವುದು ಇಂಗ್ಲಿಷ್ 3 ವರ್ಷ, ಸಮಾಜ ವಿಜ್ಞಾನ 3 ವರ್ಷ, ಗಣಿತ 2, ವಿಜ್ಞಾನ 2, ದೈಹಿಕ ಶಿಕ್ಷಣ (ಪಿಇ) 2, ಜೊತೆಗೆ ಕಲೆಯೋ ಭಾಷೆಯೋ ವೃತ್ತಿ ತರಬೇತಿಯೋ ಒಂದು ವರ್ಷ. ಇದರ ಮೇಲೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ತನ್ನದೂ ಕೆಲವು ಸೇರಿಸುತ್ತದೆ. ಯುಸಿ ಮತ್ತು ಸಿಎಸ್‌ಯು, ಅಂದರೆ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾಲಯ ಜಾಲಗಳು ಕೇಳುವುದು ಬೇರೆ. ಅದಕ್ಕೆ ಎ-ಜಿ ಅನ್ನುತ್ತಾರೆ. ಇತಿಹಾಸ 2 ವರ್ಷ, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಐಚ್ಛಿಕ 1. ಒಟ್ಟು 15 ಕೋರ್ಸ್. ಯುಸಿಗೆ ಇದರಲ್ಲಿ 11 ಆದರೂ ಹನ್ನೊಂದನೇ ತರಗತಿ ಮುಗಿಯುವುದರೊಳಗೆ ಆಗಿರಬೇಕು. ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು.

ಪೆಟ್ಟು ಬೀಳುವುದು ಇಲ್ಲೇ. ಡಿ ಗ್ರೇಡ್ ಬಂದರೂ ಹೈಸ್ಕೂಲಿನ ಲೆಕ್ಕದಲ್ಲಿ ಮಗು ಪಾಸು. ಕ್ರೆಡಿಟ್ ಸಿಗುತ್ತದೆ, ಯಾರೂ ಮನೆಗೆ ಫೋನ್ ಮಾಡುವುದಿಲ್ಲ. ಆದರೆ ಯುಸಿ ಲೆಕ್ಕದಲ್ಲಿ ಆ ಕೋರ್ಸ್ ಮಾಡಿಯೇ ಇಲ್ಲ. ಹತ್ತನೇ ತರಗತಿಯ ಕೆಮಿಸ್ಟ್ರಿಯಲ್ಲಿ ಡಿ ಬಂದ ಮಗು ಆರಾಮಾಗಿ ಗ್ರ್ಯಾಜುಯೇಟ್ ಆಗುತ್ತದೆ, ಆದರೆ ಅರ್ಹತೆಯಲ್ಲಿ ಒಂದು ತೂತು ಉಳಿದಿರುತ್ತದೆ. ಗಣಿತ ಮತ್ತು ಭಾಷೆಯಲ್ಲಿ ಒಂದು ಸಣ್ಣ ಅನುಕೂಲ ಇದೆ. ಸ್ಪ್ಯಾನಿಷ್ ಮೊದಲ ವರ್ಷದಲ್ಲಿ ಡಿ ಬಂದು ಎರಡನೇ ವರ್ಷದಲ್ಲಿ ಸಿ ಬಂದರೆ, ಮೇಲಿನದು ಕೆಳಗಿನದನ್ನು ಸರಿಪಡಿಸುತ್ತದೆ. ಇತಿಹಾಸಕ್ಕೆ, ಇಂಗ್ಲಿಷಿಗೆ ಹಾಗಿಲ್ಲ, ಮತ್ತೆ ಮಾಡಲೇಬೇಕು. ಮತ್ತೆ ಮಾಡಲು ಈ ವರ್ಷ ಮತ್ತು ಮುಂದಿನ ಬೇಸಿಗೆ ಇದೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಒಂದು ಸೆಮಿಸ್ಟರ್ ಕೋರ್ಸ್ ಮಾಡಿದರೆ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಅಂತ ಯುಸಿ ಎಣಿಸುತ್ತದೆ. ಹೈಸ್ಕೂಲ್ ಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸು ಇರುವುದಿಲ್ಲ.

ನಮ್ಮ ಮಕ್ಕಳಲ್ಲಿ ಜಾಸ್ತಿ ತಪ್ಪಿಹೋಗುವುದು ಯಾವುದು ಗೊತ್ತಾ? ಕಲೆ. ನಗಬೇಡಿ. ವಾರಕ್ಕೆ ಮೂರು ದಿನ ಭರತನಾಟ್ಯ, ಭಾನುವಾರ ಬೆಳಿಗ್ಗೆ ಕರ್ನಾಟಕ ಸಂಗೀತ, ರಂಗಪ್ರವೇಶಕ್ಕೆ ಹಾಲ್ ಬುಕ್ ಆಗಿದೆ. ಆದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಲೆಯ ಕೋರ್ಸ್ ಇಲ್ಲ, ಯಾಕೆಂದರೆ ಆ ಜಾಗದಲ್ಲಿ ಇನ್ನೊಂದು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾರೆ. ಹೊರಗೆ ಕಲಿತ ನಾಟ್ಯ ಸಾಮಾನ್ಯವಾಗಿ ಎ-ಜಿ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯಲ್ಲೇ ಒಂದು ವರ್ಷ ಪಿಂಗಾಣಿಯೋ ಬ್ಯಾಂಡೋ ಡ್ರಾಮಾವೋ ಮಾಡಬೇಕು. ಹನ್ನೆರಡನೇ ತರಗತಿಯಲ್ಲೂ ಮಾಡಬಹುದು, ಆದರೆ ಆ ವರ್ಷದ ಟೈಮ್‌ಟೇಬಲ್ ಆರಿಸುವುದು ಈ ವರ್ಷದ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆಗ ನೆನಪಿರಬೇಕು.

ಭಾಷೆಯ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡ ಶಾಲೆಗೆ ಕಳಿಸುತ್ತಿರುವವರು ನಿಮ್ಮ ಡಿಸ್ಟ್ರಿಕ್ಟ್ ಕನ್ನಡಕ್ಕೆ ಕ್ರೆಡಿಟ್ ಕೊಡುತ್ತದೆಯೇ ಅಂತ ಕೇಳಿ. ಕೆಲವು ಕೊಡುತ್ತವೆ. ಕ್ರೆಡಿಟ್ ಸಿಗದಿದ್ದರೂ ಸೀಲ್ ಆಫ್ ಬೈಲಿಟರಸಿ ಅಂತ ಒಂದು ಮಾನ್ಯತೆ ಇದೆ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯನ್ನು ಓದಿ ಬರೆಯಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಹಾಕುವ ಮುದ್ರೆ ಅದು. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಕೊಡುತ್ತಿದ್ದಾರೆ. ಕನ್ನಡಕ್ಕೂ ಪರೀಕ್ಷೆ ಇದೆ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಬರೆಯಲು ಬರಬೇಕು. ಇನ್ನು ಒಂಬತ್ತನೇ ತರಗತಿ ಕರ್ನಾಟಕದಲ್ಲಿ ಓದಿ ಆಮೇಲೆ ಇಲ್ಲಿಗೆ ಬಂದ ಮಕ್ಕಳಿದ್ದರೆ, ಅಲ್ಲಿನ ಅಂಕಪಟ್ಟಿಯನ್ನು ಈಗಲೇ ತರಿಸಿಕೊಂಡು ಶಾಲೆಯ ಕೌನ್ಸೆಲರ್ ಕೈಗೆ ಕೊಡಿ. ಆ ವರ್ಷವೂ ಅರ್ಜಿಯಲ್ಲಿ ಬರಬೇಕು. ಮುಂದಿನ ನವೆಂಬರ್‌ನಲ್ಲಿ ಊರಿನ ಶಾಲೆಗೆ ಫೋನ್ ಮಾಡಿ, ದಸರಾ ರಜೆ ಮುಗಿಯಲಿ ಅಂತ ಕಾಯುವ ಪಾಡು ಬೇಡ.

ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಸಿ ತನ್ನ ಜಿಪಿಎಗೆ ಹಿಡಿಯುವುದು ಒಂಬತ್ತನೇ ತರಗತಿ ಮುಗಿದ ಮೇಲಿನ ಬೇಸಿಗೆಯಿಂದ ಹನ್ನೊಂದನೇ ತರಗತಿ ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನು. ಅಂದರೆ ಅದರಲ್ಲಿ ಅರ್ಧ ಈ ವರ್ಷದ್ದೇ. ಎಪಿ, ಆನರ್ಸ್ ಕೋರ್ಸುಗಳಿಗೆ ಸಿಗುವ ಹೆಚ್ಚುವರಿ ಅಂಕ 8 ಸೆಮಿಸ್ಟರ್‌ಗೆ ಮಿತಿ. ಅಂದರೆ ವರ್ಷವಿಡೀ ನಡೆಯುವ ನಾಲ್ಕು ಕೋರ್ಸ್ ಅಷ್ಟೇ. ಆರು ಎಪಿ ಒಟ್ಟಿಗೆ ಹೇರಿ ರಾತ್ರಿ ಎರಡು ಗಂಟೆಯವರೆಗೆ ಎಚ್ಚರ ಇಡುವ ಮೊದಲು ಈ ಲೆಕ್ಕ ನೋಡಿ. ಮಕ್ಕಳು ನಿದ್ದೆ ಮಾಡಲಿ.

ಪರೀಕ್ಷೆಗಳು. ಕಾಲೇಜು ಪ್ರವೇಶಕ್ಕೆ ಬರೆಯುವ ದೇಶವ್ಯಾಪಿ ಪರೀಕ್ಷೆ ಎಸ್‌ಎಟಿ, ಅದಕ್ಕೆ ಮೊದಲಿನ ಅಭ್ಯಾಸದ ಪರೀಕ್ಷೆ ಪಿಎಸ್‌ಎಟಿ. ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ಪಿಎಸ್‌ಎಟಿ ಇರುತ್ತದೆ. ನ್ಯಾಷನಲ್ ಮೆರಿಟ್ ಅನ್ನುವ ಸ್ಕಾಲರ್‌ಶಿಪ್‌ಗೆ ಲೆಕ್ಕ ಹಿಡಿಯುವುದು ಜೂನಿಯರ್ ವರ್ಷದ ಪಿಎಸ್‌ಎಟಿಯನ್ನೇ. ಎಸ್‌ಎಟಿ ಈಗ ಕಂಪ್ಯೂಟರ್ ಮೇಲೆ, 2 ಗಂಟೆ 14 ನಿಮಿಷ, ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಹಾಗೆ. ಯುಸಿ ಮತ್ತು ಸಿಎಸ್‌ಯು ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. 1600ಕ್ಕೆ 1600 ಬಂದರೂ ಅವರಿಗೆ ಅದು ಕಾಣಿಸುವುದಿಲ್ಲ. ಆದರೆ ಎಂಐಟಿ 2022ರಲ್ಲೇ ಪರೀಕ್ಷೆ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಮತ್ತೆ ಕಡ್ಡಾಯ ಅಂದವು. ಹಾಗಾಗಿ ಎಸ್‌ಎಟಿ ಬೇಕಾ ಬೇಡವಾ ಅನ್ನುವುದು ನಿಮ್ಮ ಪಟ್ಟಿಯನ್ನು ನೋಡಿ ಹೇಳಬೇಕಾದ ಉತ್ತರ. ಪಟ್ಟಿ ಇನ್ನೂ ಆಗಿಲ್ಲ ಅಂದರೆ ಈ ಸ್ಪ್ರಿಂಗ್‌ನಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಲಿ. ಬೇಕಾದರೆ ಇನ್ನೊಮ್ಮೆ. ಅದಕ್ಕಿಂತ ಜಾಸ್ತಿ ಶನಿವಾರಗಳನ್ನು ಅದಕ್ಕೆ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಚಟುವಟಿಕೆಗಳು. ಅನೇಕ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ ಇದೆ. ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರ. ಪದ ಅಲ್ಲ, ಅಕ್ಷರ, ಅದೂ ಖಾಲಿ ಜಾಗ ಸೇರಿ. ಅದರಲ್ಲಿ ಏನೂ ಬಣ್ಣ ಕಟ್ಟಲು ಆಗುವುದಿಲ್ಲ. ನಮ್ಮ ಕಾರ್ಯಕ್ರಮಗಳಿಗೆ ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗ ಇದ್ದ. ರಾಜ್ಯೋತ್ಸವ, ಯುಗಾದಿ, ಸಂಕ್ರಾಂತಿ, ಯಾವುದೇ ಇರಲಿ, ಮೈಕ್ ಕೀಂ ಅಂದ ತಕ್ಷಣ ಓಡಿ ಬರುವವನು ಅವನೇ. ನಾಲ್ಕು ವರ್ಷ ಮಾಡಿದ್ದಾನೆ, ಕೊನೆಗೆ ಚಿಕ್ಕ ಹುಡುಗರಿಗೆ ಕಲಿಸಿಯೂ ಕೊಟ್ಟ. ಅರ್ಜಿಯ ಮೊದಲ ಕರಡಿನಲ್ಲಿ ಇದು ಇರಲೇ ಇಲ್ಲ. ಅವನ ಅಮ್ಮನ ಪ್ರಕಾರ ಅದು ಸುಮ್ನೆ ಸಹಾಯ, ಚಟುವಟಿಕೆ ಅಲ್ಲ. ಅದರ ಬದಲು ಇದ್ದದ್ದು ದುಡ್ಡು ಕೊಟ್ಟು ಸೇರಿದ ಎರಡು ವಾರದ ಆನ್‌ಲೈನ್ ರಿಸರ್ಚ್ ಪ್ರೋಗ್ರಾಮ್. ಯಾವುದು ಆ ಹುಡುಗನ ಗುಣ ತೋರಿಸುತ್ತದೆ ಅಂತ ನಿಮಗೇ ಗೊತ್ತಾಗುತ್ತದಲ್ವಾ?

ಹಾಗೆಯೇ ಮನೆ ಕೆಲಸ. ಅಪ್ಪ-ಅಮ್ಮ ಇಬ್ಬರೂ ಆಫೀಸಿನಿಂದ ಬರುವವರೆಗೆ ತಮ್ಮನನ್ನು ಶಾಲೆಯಿಂದ ಕರೆತಂದು, ತಿಂಡಿ ಕೊಟ್ಟು, ಹೋಮ್‌ವರ್ಕ್ ಮಾಡಿಸುವ ಅಕ್ಕಂದಿರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದ್ದಾರೆ. ಕಾಮನ್ ಆ್ಯಪ್‌ನಲ್ಲಿ ಕುಟುಂಬದ ಜವಾಬ್ದಾರಿ ಅಂತಲೇ ಒಂದು ವಿಭಾಗ ಇದೆ. ಅಲ್ಲಿ ಬರೆಯಬಹುದು, ಬರೆಯಬೇಕು. ಈಗ ಒಂದು ಕೆಲಸ ಮಾಡಿ. ಮಗುವನ್ನು ಕೂರಿಸಿಕೊಂಡು, ಒಂಬತ್ತನೇ ತರಗತಿಯಿಂದ ಏನೇನು ಮಾಡಿದೆ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಬರೆದಿಡಿ. ಅರ್ಜಿಯಲ್ಲಿ ಕೇಳುವುದು ಇದನ್ನೇ. ಮುಂದಿನ ವರ್ಷ ನೆನಪಿರುವುದಿಲ್ಲ.

ಶಿಫಾರಸು ಪತ್ರ. ಯುಸಿಗೆ ಸಾಮಾನ್ಯವಾಗಿ ಬೇಡ. ಖಾಸಗಿ ಕಾಲೇಜುಗಳಿಗೆ ಹೆಚ್ಚಾಗಿ ಇಬ್ಬರು ಶಿಕ್ಷಕರದ್ದು, ಒಬ್ಬ ಕೌನ್ಸೆಲರ್‌ದು ಬೇಕು. ಶಿಕ್ಷಕರೆಂದರೆ ಈ ವರ್ಷ ಪಾಠ ಮಾಡುತ್ತಿರುವವರು. ಕೇಳಬೇಕಾದ್ದು ಏಪ್ರಿಲ್, ಮೇ ಹೊತ್ತಿಗೆ, ಎದುರಿಗೆ ನಿಂತು, ಮಗುವೇ. ನೀವು ಇಮೇಲ್ ಮಾಡಬೇಡಿ. ಯಾವ ಶಿಕ್ಷಕರು ಅಂದರೆ, ಎ ಗ್ರೇಡ್ ಕೊಟ್ಟವರೇ ಆಗಬೇಕೆಂದಿಲ್ಲ, ಮಗುವನ್ನು ಚೆನ್ನಾಗಿ ಬಲ್ಲವರು ಆಗಬೇಕು. ನಮ್ಮ ಮಕ್ಕಳು ಕ್ಲಾಸಿನಲ್ಲಿ ಸುಮ್ಮನೆ ಕೂತು ಒಳ್ಳೆ ಮಾರ್ಕ್ಸ್ ತೆಗೆಯುತ್ತಾರೆ. ಅಂಥವರ ಬಗ್ಗೆ ಶಿಕ್ಷಕರಿಗೆ ಬರೆಯಲು ಏನೂ ಇರುವುದಿಲ್ಲ. ಕೌನ್ಸೆಲರ್‌ಗಳ ವಿಷಯವೂ ಹಾಗೇ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಇರಬೇಕು ಅಂತ ಅವರದ್ದೇ ರಾಷ್ಟ್ರೀಯ ಸಂಘ ಶಿಫಾರಸು ಮಾಡುತ್ತದೆ. ನಮ್ಮ ಪಬ್ಲಿಕ್ ಸ್ಕೂಲುಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ನಿಮ್ಮ ಮಗು ತಾನಾಗಿ ಹೋಗಿ ಬಾಗಿಲು ತಟ್ಟದಿದ್ದರೆ ಅವರಿಗೆ ಮುಖ ಪರಿಚಯವೂ ಇರುವುದಿಲ್ಲ. ಪಾಪ, ಅದು ಅವರ ತಪ್ಪೂ ಅಲ್ಲ.

ಈಗ ದುಡ್ಡು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಜಾರಾಗಬೇಡಿ.

ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವ ರೂಢಿ ಇಲ್ಲ. "ನೀನು ಓದು, ಫೀಸು ನಮ್ಮ ತಲೆನೋವು" ಅಂತ ಹೇಳಿಬಿಡುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆಮೇಲೆ ಏಪ್ರಿಲ್‌ನಲ್ಲಿ ಮಗುವಿಗೆ ಇಷ್ಟಪಟ್ಟ ಖಾಸಗಿ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಮೇ 1ರೊಳಗೆ ಉತ್ತರ ಕೊಡಬೇಕು. ಆಗ ಗಂಡ-ಹೆಂಡತಿ ಸ್ಪ್ರೆಡ್‌ಶೀಟ್ ತೆಗೆಯುತ್ತಾರೆ. ಊಟಕ್ಕೆ ಕೂತ ಮೇಲೆ ಬಾಳೆ ಎಲೆ ಹುಡುಕಲು ಹೊರಟ ಹಾಗೆ. ಆ ಮನೆಯಲ್ಲಿ ಅಳು, ಸಿಟ್ಟು, ಮೌನ, ಎಲ್ಲ ಆಗುತ್ತದೆ. ಮಗುವಿಗೆ ಮೋಸ ಹೋದ ಭಾವನೆ ಬರುತ್ತದೆ, ಅದು ಸಹಜ.

ಅಂದಾಜು ಲೆಕ್ಕ ಹೇಳುತ್ತೇನೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯುಸಿಯಲ್ಲಿ ಫೀಸು ವರ್ಷಕ್ಕೆ ಸುಮಾರು 15 ಸಾವಿರ ಡಾಲರ್. ಕ್ಯಾಂಪಸ್‌ನಲ್ಲೇ ಇದ್ದು ಊಟ, ಪುಸ್ತಕ ಎಲ್ಲ ಸೇರಿದರೆ 40 ಸಾವಿರ ದಾಟುತ್ತದೆ. ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ಎಲ್ಲ ಸೇರಿ 90 ಸಾವಿರದ ಆಸುಪಾಸು. ಇದನ್ನು ನಾಲ್ಕರಿಂದ ಗುಣಿಸಿ. "ನಮ್ಮ ಹುಡುಗ ಜಾಣ, ಸ್ಕಾಲರ್‌ಶಿಪ್ ಸಿಗುತ್ತೆ" ಅನ್ನುವವರಿಗೆ ಒಂದು ಮಾತು. ಐವಿ ಲೀಗ್ ಕಾಲೇಜುಗಳು ಜಾಣತನಕ್ಕೆ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿರುವ ಎಲ್ಲರೂ ಜಾಣರೇ. ಅವರು ಕೊಡುವುದು ಕುಟುಂಬದ ಆದಾಯ ನೋಡಿ. ಇಬ್ಬರೂ ಟೆಕ್ ಕಂಪನಿಯಲ್ಲಿ ದುಡಿಯುವ ಮನೆಗೆ ಅಲ್ಲಿ ಹೆಚ್ಚಾಗಿ ಏನೂ ಸಿಗುವುದಿಲ್ಲ.

ಗ್ರೇಡು, ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳು ಬೇರೆ ಇವೆ. ಅಲಬಾಮಾ ವಿಶ್ವವಿದ್ಯಾಲಯ, ಆರಿಜೋನಾ ಸ್ಟೇಟ್ ಇಂಥವಕ್ಕೆ ಹೆಸರಾದವು. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಅಂತ ಒಂದು ಒಪ್ಪಂದವೂ ಇದೆ. ಕ್ಯಾಲಿಫೋರ್ನಿಯಾದ ಮಗು ಈ ಒಪ್ಪಂದದಡಿ ನೆವಾಡದ ರೀನೋದ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿನ ನಿವಾಸಿಗಳ ಟ್ಯೂಷನ್‌ನ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಡಬೇಕಿಲ್ಲ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ, ಯಾಕೆಂದರೆ ಆ ಹೆಸರುಗಳು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವುದಿಲ್ಲ.

ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ. ಸರ್ಕಾರದ ಕಾನೂನು, 2011ರಿಂದ ಕಡ್ಡಾಯ. ನಿಮ್ಮ ಆದಾಯ, ಆಸ್ತಿ ಹಾಕಿದರೆ ಅಂದಾಜು ಎಷ್ಟು ಕಟ್ಟಬೇಕು ಅಂತ ಹೇಳುತ್ತದೆ. ಅರ್ಧ ಗಂಟೆ ಸಾಕು. ಈ ತಿಂಗಳೇ ಮೂರು ಕಾಲೇಜಿಗೆ ಮಾಡಿ ನೋಡಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

ಯಾಕೆ ಈ ತಿಂಗಳು ಅಂದರೆ ಇನ್ನೊಂದು ಕಾರಣ ಇದೆ. ಫಾಫ್ಸಾ, ಅಂದರೆ ಕೇಂದ್ರ ಸರ್ಕಾರದ ನೆರವಿನ ಅರ್ಜಿ, ಹನ್ನೆರಡನೇ ತರಗತಿಯ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಆದರೆ ಅದು ಕೇಳುವುದು ಆಗಿನ ಆದಾಯ ಅಲ್ಲ. ಹತ್ತನೇ ತರಗತಿಯ ಜನವರಿಯಿಂದ ಹನ್ನೊಂದನೇ ತರಗತಿಯ ಡಿಸೆಂಬರ್‌ವರೆಗಿನ ವರ್ಷದ ಟ್ಯಾಕ್ಸ್ ರಿಟರ್ನ್. ಅಂದರೆ ಈಗ ನಡೆಯುತ್ತಿರುವ ವರ್ಷ. ಹಳೆ ಷೇರು ಮಾರಿ ಲಾಭ ತೆಗೆಯಬೇಕು ಅಂತ ಇದ್ದರೆ, ನೆರವು ಸಿಗುವ ಸಾಧ್ಯತೆ ಇರುವ ಮನೆಯವರು ಡಿಸೆಂಬರ್ 31ರೊಳಗೆ ಮಾರುವ ಮೊದಲು ನಿಮ್ಮ ಟ್ಯಾಕ್ಸ್ ನೋಡಿಕೊಳ್ಳುವವರನ್ನು ಕೇಳಿ.

ಆಸ್ತಿಯ ಲೆಕ್ಕ ಅರ್ಜಿ ಹಾಕುವ ದಿನದ್ದು. ನೀವು ವಾಸ ಇರುವ ಮನೆ ಫಾಫ್ಸಾದಲ್ಲಿ ಲೆಕ್ಕಕ್ಕಿಲ್ಲ. ನಿವೃತ್ತಿಯ ಖಾತೆಯೂ ಇಲ್ಲ. ಆದರೆ ಮೈಸೂರಿನಲ್ಲಿ ತೆಗೆದುಕೊಂಡ ಸೈಟು, ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು ಲೆಕ್ಕಕ್ಕಿದೆ. ಬೇರೆ ದೇಶದಲ್ಲಿದೆ ಅಂತ ಬಿಡುವ ಹಾಗಿಲ್ಲ. ಹಿಂದಿನ ಸಾಲಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ನೋಡಿಕೊಳ್ಳಿ, ಒಳ್ಳೆಯದೇ. ಹಲವು ಖಾಸಗಿ ಕಾಲೇಜುಗಳು ಇದರ ಜೊತೆ ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಅರ್ಜಿ ಕೇಳುತ್ತವೆ. ಅದರಲ್ಲಿ ವಾಸದ ಮನೆಯ ಬೆಲೆಯನ್ನೂ ಕೇಳುತ್ತಾರೆ. ಮೊದಲೆಲ್ಲ ಮನೆಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾ ಲೆಕ್ಕ ಹಗುರವಾಗುತ್ತಿತ್ತು. 2024-25ರಿಂದ ಆ ಅನುಕೂಲವನ್ನು ತೆಗೆದುಹಾಕಿದ್ದಾರೆ. ಹಳೆಯ ಸ್ನೇಹಿತರ ಸಲಹೆ ಕೇಳುವಾಗ ಇದು ನೆನಪಿರಲಿ.

"ನಮಗೆ ಹೇಗೂ ಸಿಗುವುದಿಲ್ಲ, ಯಾಕೆ ತುಂಬಬೇಕು" ಅಂತ ಒಬ್ಬರು ಆಗಲೇ ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡನೇ ತರಗತಿಯವರು ಅದನ್ನು ತುಂಬಬೇಕು, ಇಲ್ಲವೇ ಬೇಡ ಅಂತ ಬರೆದುಕೊಡಬೇಕು ಅಂತಲೇ ಈಗ ಕಾನೂನು ಇದೆ. ಮಧ್ಯಮ ವರ್ಗಕ್ಕೆ ರಾಜ್ಯದ್ದೇ ಮಿಡಲ್ ಕ್ಲಾಸ್ ಸ್ಕಾಲರ್‌ಶಿಪ್ ಇದೆ. ಅದಕ್ಕೂ ಇದೇ ಅರ್ಜಿ ಬೇಕು.

ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಮಕ್ಕಳಿರುವವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ದಾರಿ ಬೇರೆ, ಅದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಫಾಫ್ಸಾ ನೆರವು ನಿಮಗಿಲ್ಲ. ಅನೇಕ ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ನಿಮ್ಮ ಮಗುವನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿನಲ್ಲಿ ಇಡುತ್ತವೆ. ಮಗು ಇಲ್ಲೇ ಶಿಶುವಿಹಾರದಿಂದ ಓದಿದ್ದರೂ ಅಷ್ಟೇ. ಆದರೆ ಯುಸಿಯಲ್ಲಿ ಫೀಸಿನ ಮಟ್ಟಿಗೆ ಎಚ್-4 ಮಕ್ಕಳೂ ಕ್ಯಾಲಿಫೋರ್ನಿಯಾ ನಿವಾಸಿಗಳೆಂದು ತೋರಿಸಿಕೊಳ್ಳಲು ಅವಕಾಶ ಇದೆ. ಇದು ದೊಡ್ಡ ವ್ಯತ್ಯಾಸ. ನಿವಾಸಿಯಲ್ಲದವರು ವರ್ಷಕ್ಕೆ ಮೂವತ್ತು ಸಾವಿರ ಡಾಲರ್‌ಗಿಂತ ಹೆಚ್ಚು ಮೇಲಿಂದ ಕೊಡಬೇಕು. ಎಚ್-4 ಮಕ್ಕಳು ಸಂಬಳದ ಕೆಲಸ ಮಾಡುವ ಹಾಗಿಲ್ಲ, ಪೇಯ್ಡ್ ಇಂಟರ್ನ್‌ಶಿಪ್ ಕೂಡ ಇಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಿಲ್ಲ. ವಿದ್ಯಾರ್ಥಿ ವೀಸಾ ಎಫ್-1ಗೆ ಯಾವಾಗ ಬದಲಾಯಿಸಬೇಕು, ಬದಲಾಯಿಸಿದರೆ ಫೀಸಿನ ಮೇಲೆ ಏನು ಪರಿಣಾಮ ಅಂತ ವಕೀಲರ ಜೊತೆ ಈ ವರ್ಷವೇ ಮಾತಾಡಿ. ಮಗುವಿಗೂ ತಿಳಿಸಿ. ಗೆಳೆಯರೆಲ್ಲ ಬೇಸಿಗೆಯಲ್ಲಿ ಕೆಲಸಕ್ಕೆ ಹೋಗುವಾಗ ತಾನು ಯಾಕೆ ಹೋಗುವ ಹಾಗಿಲ್ಲ ಅನ್ನುವುದು ಹದಿನಾರು ವರ್ಷದ ಮಗುವಿಗೆ ಮನೆಯಲ್ಲೇ ಗೊತ್ತಾಗಬೇಕು.

ಇಷ್ಟಾದ ಮೇಲೆ ಪಟ್ಟಿ. ನೋಡಿ, ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ ಆದ ಯುಸಿಎಲ್‌ಎಗೆ 2023ರಲ್ಲಿ ಮೊದಲ ವರ್ಷಕ್ಕೆ 1 ಲಕ್ಷ 45 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಸೀಟು ಸಿಕ್ಕಿದ್ದು ನೂರಕ್ಕೆ ಒಂಬತ್ತು ಜನಕ್ಕೆ. ಆ ಉಳಿದ ತೊಂಬತ್ತೊಂದರಲ್ಲಿ ಎಲ್ಲ ಎ ಗ್ರೇಡ್ ಇರುವ ಮಕ್ಕಳು ಸಾವಿರಾರು. ಹಾಗಾಗಿ "ಬರ್ಕ್‌ಲಿ, ಯುಸಿಎಲ್‌ಎ, ಇಲ್ಲದಿದ್ದರೆ ಸ್ಯಾನ್ ಡಿಯಾಗೊ" ಅನ್ನುವುದು ಪಟ್ಟಿ ಅಲ್ಲ, ಅದು ಆಸೆ. ಪಟ್ಟಿಯನ್ನು ಕೆಳಗಿನಿಂದ ಕಟ್ಟಿ. ಮೊದಲು, ಸೀಟು ಸಿಗುವುದು ಬಹುತೇಕ ಖಚಿತ, ದುಡ್ಡು ನಮ್ಮ ಕೈಗೆ ಎಟಕುತ್ತದೆ, ಮಗು ಅಲ್ಲಿಗೆ ಹೋಗಲು ನಿಜವಾಗಿ ಒಪ್ಪುತ್ತದೆ ಅನ್ನುವ ಎರಡು ಕಾಲೇಜು ಹುಡುಕಿ. ಈ ಎರಡನ್ನು ಹುಡುಕುವುದೇ ಕಷ್ಟ. ಮೇಲಿನವು ಎಲ್ಲರಿಗೂ ಬಾಯಿಪಾಠ.

ಹುಡುಕಲು ಹೋಗಿ ನೋಡಬೇಕು. ಮುಂದಿನ ಸ್ಪ್ರಿಂಗ್ ರಜೆಯಲ್ಲಿ ಸ್ಟ್ಯಾನ್‌ಫರ್ಡ್ ಮುಂದೆ ಫೋಟೊ ತೆಗೆಸಿಕೊಳ್ಳುವ ಬದಲು ಸ್ಯಾನ್ ಹೋಸೆ ಸ್ಟೇಟ್, ಸ್ಯಾಂಟಾ ಕ್ರೂಜ್, ಡೇವಿಸ್, ಮರ್ಸೆಡ್ ನೋಡಿ ಬನ್ನಿ. ಎಲ್ಲ ಕಾರಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವ ದೂರ. ಟೂರ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಊಟ ಮಾಡಿ. ಮಗುವನ್ನು ಒಂದು ಗಂಟೆ ಒಂಟಿಯಾಗಿ ಓಡಾಡಲು ಬಿಡಿ. ನೀವು ಹಿಂದೆ ಹಿಂದೆ ಹೋಗಬೇಡಿ.

ಮೇಜರ್ ಬಗ್ಗೆ ಒಂದು ಎಚ್ಚರಿಕೆ. "ಮೊದಲು ಯಾವುದಾದರೂ ಸುಲಭದ ಮೇಜರ್‌ನಲ್ಲಿ ಒಳಗೆ ಹೋಗಲಿ, ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಂಡರಾಯಿತು" ಅನ್ನುವ ಉಪಾಯ ನಮ್ಮ ವಲಯದಲ್ಲಿ ಬಹಳ ಓಡಾಡುತ್ತದೆ. ಅನೇಕ ಕ್ಯಾಂಪಸ್‌ಗಳಲ್ಲಿ ಆ ಬಾಗಿಲು ಈಗ ಹೆಚ್ಚುಕಡಿಮೆ ಮುಚ್ಚಿದೆ. ಆಂಥ್ರೊಪಾಲಜಿ ಅಂತ ಹಾಕಿ ಒಳಗೆ ಹೋದವರು ನಾಲ್ಕು ವರ್ಷ ಆಂಥ್ರೊಪಾಲಜಿಯನ್ನೇ ಓದಬೇಕಾಗಬಹುದು. ಅದು ಒಳ್ಳೆಯ ವಿಷಯ, ಇಷ್ಟ ಇದ್ದವರಿಗೆ.

ಕಮ್ಯುನಿಟಿ ಕಾಲೇಜು ಅಂದ ಕೂಡಲೇ ಇಲ್ಲಿ ಕೆಲವರ ಹುಬ್ಬು ಮೇಲೆ ಹೋಗುತ್ತದೆ. ನೆಂಟರಿಗೆ ಏನು ಹೇಳುವುದು ಅನ್ನುವ ಚಿಂತೆ. ಡಿ ಆ್ಯಂಜಾ, ಫುಟ್‌ಹಿಲ್, ಓಲೋನಿ ನಮ್ಮ ಮನೆಗಳಿಂದ ಹತ್ತಿಪ್ಪತ್ತು ನಿಮಿಷ. ಸೆಮಿಸ್ಟರ್ ಪದ್ಧತಿಯ ಓಲೋನಿಯಲ್ಲಿ ಫೀಸು ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಪದ್ಧತಿಯ ಉಳಿದೆರಡರಲ್ಲಿ ಯೂನಿಟ್ ಚಿಕ್ಕದು, 31 ಡಾಲರ್. ಅಲ್ಲಿ ಎರಡು ವರ್ಷ ಓದಿ, ನಿಗದಿ ಮಾಡಿದ ಕೋರ್ಸು ಮತ್ತು ಗ್ರೇಡು ಇದ್ದರೆ ಆರು ಯುಸಿ ಕ್ಯಾಂಪಸ್‌ಗಳು ಸೀಟಿನ ಗ್ಯಾರಂಟಿ ಬರೆದುಕೊಡುತ್ತವೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್. ಎಲ್ಲ ಮೇಜರ್‌ಗೂ ಈ ಗ್ಯಾರಂಟಿ ಇಲ್ಲ. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಗ್ಯಾರಂಟಿ ಕೊಡುವುದಿಲ್ಲ, ಆದರೆ ಅವು ಕೂಡ ಕಮ್ಯುನಿಟಿ ಕಾಲೇಜಿನಿಂದ ಪ್ರತಿ ವರ್ಷ ಸಾವಿರಾರು ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಕೊನೆಗೆ ಸಿಗುವ ಡಿಗ್ರಿ ಒಂದೇ. ಹದಿನೇಳಕ್ಕೆ ಮನೆ ಬಿಡಲು ಇನ್ನೂ ಸಿದ್ಧವಿಲ್ಲದ ಮಕ್ಕಳು ಇರುತ್ತಾರೆ. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ನಿಮಗೆ ಗೊತ್ತಿರುತ್ತದೆ. ನೆಂಟರು ಎರಡು ವರ್ಷ ಏನಾದರೂ ಅಂದುಕೊಳ್ಳಲಿ.

ಪ್ರಬಂಧದ ಬಗ್ಗೆ ನೀವೆಲ್ಲ ಕಾಯುತ್ತಿದ್ದೀರಿ ಅಂತ ಗೊತ್ತು, ಆದರೆ ಅದರಲ್ಲಿ ಈ ವರ್ಷ ಮಾಡುವುದು ಕಡಿಮೆ. ಯುಸಿ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತದೆ, ಒಂದೊಂದಕ್ಕೆ 350 ಪದ ಮಿತಿ. ಕಾಮನ್ ಆ್ಯಪ್‌ಗೆ 650 ಪದದ ಒಂದು ಪ್ರಬಂಧ. ಪ್ರಶ್ನೆಗಳನ್ನು ಈಗಲೇ ಓದಿಟ್ಟುಕೊಳ್ಳಲಿ, ಬೇಸಿಗೆಯಲ್ಲಿ ಬರೆಯಲಿ. ನೀವು ತಿದ್ದಬೇಡಿ. ನಲವತ್ತೆಂಟು ವರ್ಷದ ಇಂಜಿನಿಯರ್ ತಿದ್ದಿದ ಪ್ರಬಂಧ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಎಐಗೆ ಕೊಟ್ಟು ಬರೆಸಿದ್ದು ಇನ್ನೂ ಬೇಗ ಗೊತ್ತಾಗುತ್ತದೆ. ಸಾವಿರಾರು ಡಾಲರ್ ತೆಗೆದುಕೊಳ್ಳುವ ಖಾಸಗಿ ಕನ್ಸಲ್ಟೆಂಟ್ ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ನಾನು ಇಲ್ಲಿಯವರೆಗೆ ಹೇಳಿದ ಯಾವುದಕ್ಕೂ ಅವರು ಬೇಕಾಗಿಲ್ಲ. ಅಪ್ಪ-ಮಗಳು ಮಾತು ಬಿಟ್ಟಿದ್ದರೆ ನಡುವೆ ಕೂರಲು ಮೂರನೆಯವರು ಬೇಕಾಗಬಹುದು. ಅದಕ್ಕೆ ಒಬ್ಬ ಚಿಕ್ಕಮ್ಮನೋ ಸೋದರಮಾವನೋ ಸಾಕು.

ಮುಂದಿನ ಆಗಸ್ಟ್ 1ಕ್ಕೆ ಯುಸಿ ಅರ್ಜಿ, ಕಾಮನ್ ಆ್ಯಪ್ ಎರಡೂ ತೆರೆಯುತ್ತವೆ. ಅರ್ಲಿ ಡಿಸಿಷನ್ ಅಂದರೆ ಸಿಕ್ಕರೆ ಅಲ್ಲಿಗೇ ಹೋಗುತ್ತೇವೆ ಅಂತ ಬರೆದುಕೊಟ್ಟ ಮಾತು, ನೀವೂ ಸಹಿ ಹಾಕಬೇಕು. ಬೇರೆ ಕಾಲೇಜಿನ ನೆರವಿನ ಜೊತೆ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ದುಡ್ಡಿನ ಲೆಕ್ಕ ನೋಡದವರು ಅದಕ್ಕೆ ಕೈ ಹಾಕಬೇಡಿ. ಅರ್ಲಿ ಆ್ಯಕ್ಷನ್‌ನಲ್ಲಿ ಆ ಕಟ್ಟುಪಾಡು ಇಲ್ಲ.

ಕೊನೆಯದಾಗಿ, ಸೀಟು ಸಿಕ್ಕಿತು, ಊರಿಗೆಲ್ಲ ಹೇಳಿ ಆಯಿತು ಅಂತ ಹನ್ನೆರಡನೇ ತರಗತಿಯ ಎರಡನೇ ಸೆಮಿಸ್ಟರ್‌ನಲ್ಲಿ ಕೈಬಿಡುವ ಮಕ್ಕಳಿದ್ದಾರೆ. ಎಲ್ಲ ಕಾಲೇಜುಗಳ ಸೀಟೂ ಷರತ್ತಿನ ಮೇಲೆ ಕೊಟ್ಟದ್ದು. ಯುಸಿ ಅರ್ಜಿಯಲ್ಲಿ ಗ್ರೇಡುಗಳನ್ನು ಮಗುವೇ ತುಂಬಿರುತ್ತದೆ, ಅಸಲಿ ಟ್ರಾನ್ಸ್‌ಕ್ರಿಪ್ಟ್ ನೋಡುವುದು ಸೀಟು ಒಪ್ಪಿಕೊಂಡ ಮೇಲೆ. ತುಂಬಿದ್ದಕ್ಕೂ ಅದಕ್ಕೂ ತಾಳೆ ಆಗಬೇಕು. ಕೊನೆಯ ಸೆಮಿಸ್ಟರ್‌ನ ಕ್ಯಾಲ್ಕ್ಯುಲಸ್‌ನಲ್ಲಿ ಡಿ ಬಂದರೆ ಹೈಸ್ಕೂಲಿನವರು ಗೌನು ಹಾಕಿ ವೇದಿಕೆ ಹತ್ತಿಸುತ್ತಾರೆ, ಜುಲೈನಲ್ಲಿ ಯುಸಿಯವರು ಸೀಟು ರದ್ದು ಮಾಡಬಹುದು. ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ಹೈಸ್ಕೂಲಿನಿಂದ ನೇರವಾಗಿ ಹೋಗಬೇಕು, ಅದನ್ನು ಕಳಿಸಿ ಅಂತ ನಾವೇ ಕೇಳಬೇಕು. ಬೇಸಿಗೆಯಲ್ಲಿ ಹೈಸ್ಕೂಲ್ ಆಫೀಸು ಮುಚ್ಚಿರುತ್ತದೆ. ಗ್ರ್ಯಾಜುಯೇಷನ್ ಮುಗಿದ ಮರುದಿನವೇ ಊರಿಗೆ ಟಿಕೆಟ್ ಬುಕ್ ಮಾಡುವವರು ನಮ್ಮಲ್ಲಿ ಜಾಸ್ತಿ. ಆ ಅರ್ಜಿ ಕೊಟ್ಟು ರಸೀದಿ ತೆಗೆದುಕೊಂಡ ಮೇಲೆ ವಿಮಾನ ಹತ್ತಿ.